ಟ್ಯಾಂಕ್ ಟೆಸ್ಟ್ ಮಾಡೋಕೆ ಮೀನೇ ಬಲಿಯಾಗಬೇಕಾ ಸ್ವಾಮಿ?

ಬೆಂಗಳೂರಿನಲ್ಲಿ ಮನೆಯೊಳಗೇ ಸಮುದ್ರ ಕಟ್ಟೋ ಹುಚ್ಚು ಹಿಡಿದವರು ನಾವು ಒಂದಷ್ಟು ಜನ ಇದ್ದೀವಿ. ಉಪ್ಪುನೀರಿನ ಅಕ್ವೇರಿಯಂ, ಅದರಲ್ಲೂ ಹವಳ ಬೆಳೆಸೋ ರೀಫ್ ಟ್ಯಾಂಕ್. ದುಬಾರಿ ಹುಚ್ಚು, ಒಪ್ಪಿದೆ. ಆದರೆ ಈ ಹುಚ್ಚಿಗೆ ಅಂಟಿಕೊಂಡಿರೋ ಒಂದು ಪದ್ಧತಿ ಬಗ್ಗೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇಬಿಡ್ತೀನಿ.

ಹೊಸ ಟ್ಯಾಂಕ್ ಕೊಂಡವರಿಗೆ ಅಂಗಡಿಯಲ್ಲಿ ಸಿಗೋ ಉಪದೇಶ ಹೀಗಿರುತ್ತೆ: "ಮೊದ್ಲು ಎರಡು ಮೂರು ಡ್ಯಾಮ್ಸೆಲ್ ಬಿಡಿ ಸಾರ್, ಗಟ್ಟಿ ಮೀನು. ಬದುಕಿದ್ರೆ ಟ್ಯಾಂಕ್ ರೆಡಿ. ಸತ್ರೆ ಇನ್ನೆರಡು ತಗೊಂಡು ಹೋಗಿ."

ನಮ್ಮ ಕಸುಬಿನ ಭಾಷೆಯಲ್ಲಿ ಇದಕ್ಕೆ ಪ್ರೊಡಕ್ಷನ್‌ನಲ್ಲಿ ಟೆಸ್ಟಿಂಗ್ ಮಾಡೋದು ಅಂತಾರೆ. ವ್ಯತ್ಯಾಸ ಇಷ್ಟೇ: ಸರ್ವರ್ ಬಿದ್ದರೆ ಮತ್ತೆ ಎಬ್ಬಿಸಬಹುದು.

ಅಸಲಿಗೆ ನಡೆಯೋದೇನು? ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತೆ. ಮಿಕ್ಕ ಆಹಾರ ಕೊಳೆತರೂ ಅದೇ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಈ ಎರಡು ತಂಡಗಳು ಕಲ್ಲು, ಮರಳಿನ ಮೇಲೆ ನೆಲೆಯೂರೋದನ್ನೇ 'ಸೈಕ್ಲಿಂಗ್' ಅನ್ನೋದು. ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ತೋರಿಸಿದ ಸಂಗತಿ ಇದು. ಅಷ್ಟು ಹಳೆಯ ವಿಷಯವನ್ನು ತಿಳಿಯೋಕೆ ಇವತ್ತಿಗೂ ಮೀನು ಸಾಯಿಸಬೇಕಾ?

ಸಮುದ್ರದ ನೀರಿನಲ್ಲಂತೂ ಅಮೋನಿಯಾ ಇನ್ನೂ ಅಪಾಯ. ಅದರ ಪಿಎಚ್ 8.2ರ ಆಸುಪಾಸು ಇರುತ್ತೆ. ಪಿಎಚ್ 7ರ ನೀರಿಗೆ ಹೋಲಿಸಿದರೆ ಅಲ್ಲಿ ವಿಷದ ರೂಪದ ಅಮೋನಿಯಾ ಪಾಲು ಹತ್ತು ಪಟ್ಟಿಗೂ ಹೆಚ್ಚು. ಅದು ಕಿವಿರನ್ನೇ ಸುಡುತ್ತೆ. 'ಗಟ್ಟಿ ಮೀನು' ಅಂದರೆ ನೋವಾಗದ ಮೀನು ಅಂತಲ್ಲ ಸ್ವಾಮಿ, ಸಾಯೋಕೆ ಹೆಚ್ಚು ದಿನ ತಗೊಳ್ಳೋ ಮೀನು ಅಂತ.

"ಓಹೋ, ನೀವು ಬಂಗುಡೆ ತಿನ್ನಲ್ವೋ?" ಅಂತ ಕೇಳೋರಿದ್ದಾರೆ. ತಿಂತೀನಿ, ಗಸಿ ಸಮೇತ. ತಿನ್ನೋಕೆ ಹಿಡಿದ ಮೀನಿಗೆ ಒಂದು ಉದ್ದೇಶ ಇದೆ. ಇಲ್ಲಿ ಮೀನು ಸಾಯೋದು ಒಂದು ಟೆಸ್ಟ್ ಕಿಟ್ ಕೊಳ್ಳೋ ಸೋಮಾರಿತನಕ್ಕೆ.

ದಯೆ ಗಿಯೆ ಬೇಡ, ಲೆಕ್ಕಾನೇ ನೋಡೋಣ ಅಂದರೂ ಈ ಪದ್ಧತಿ ನಷ್ಟದ್ದೇ. ಬದುಕುಳಿದ ಡ್ಯಾಮ್ಸೆಲ್ ಇಡೀ ಟ್ಯಾಂಕಿಗೆ ಪಾಳೇಗಾರ ಆಗುತ್ತೆ. ಆಮೇಲೆ ಬಂದ ಮೀನನ್ನೆಲ್ಲ ಅಟ್ಟಿಸಿಕೊಂಡು ಕಚ್ಚುತ್ತೆ. ಅದನ್ನು ಹಿಡಿದು ತೆಗೀಬೇಕಾದ್ರೆ ಜೋಡಿಸಿದ ಕಲ್ಲೆಲ್ಲ ಕಿತ್ತುಹಾಕಬೇಕು.

ಇನ್ನು 'ಬಾಟಲಿ ಬ್ಯಾಕ್ಟೀರಿಯಾ ಸುರಿಯಿರಿ, ಸಂಜೆಗೇ ಮೀನು ಬಿಡಿ' ಅನ್ನೋ ಪಂಗಡ. ಎಲ್ಲವೂ ಮೋಸ ಅನ್ನಲ್ಲ. ಕೆಲವು ಕೆಲಸ ಮಾಡುತ್ತವೆ, ಒಳಗಿರೋದು ಸರಿಯಾದ ಜೀವಿ ಆಗಿದ್ದು ಜೀವಂತ ಇದ್ದರೆ. ನೈಟ್ರೈಟ್ ತಿನ್ನೋದು ನೈಟ್ರೋಬ್ಯಾಕ್ಟರ್ ಅಂತಲೇ ಬಹಳ ಕಾಲ ನಂಬಿದ್ದರು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡ್ತಿರೋದು ನೈಟ್ರೋಸ್ಪೈರಾ ಬಳಗದ್ದು ಅಂತ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದ್ದು 1998ರಲ್ಲಿ. ಹಾಗಾಗಿ ಬಾಟಲಿ ಮೇಲಿನ ಚೀಟಿ ನಂಬಬೇಡಿ, ನೀರನ್ನು ಅಳೆದು ನೋಡಿ.

ಸಮುದ್ರದಿಂದಲೇ 'ಲೈವ್ ರಾಕ್' ತಂದರೆ ಬೇಗ ಆಗುತ್ತೆ ಅನ್ನೋರಿಗೂ ಒಂದು ಮಾತು. ರೀಫ್ ಕಟ್ಟೋ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಲಾಗಿದೆ. ನಮ್ಮ ನೇತ್ರಾಣಿಯದ್ದಾಗಲಿ, ಮನ್ನಾರ್ ಖಾರಿಯದ್ದಾಗಲಿ, ಹವಳ ಮುರಿದು ತರೋದು ಹುಲಿ ಹೊಡೆದಷ್ಟೇ ಅಪರಾಧ. ಒಣ ಕಲ್ಲು ಧಾರಾಳವಾಗಿ ಸಾಕು.

ಹಾಗಾದ್ರೆ ಸರಿಯಾದ ದಾರಿ ಯಾವುದು? ಆರ್‌ಓ ನೀರಿಗೆ ಉಪ್ಪು ಬೆರೆಸಿ, ಸಾಂದ್ರತೆ 1.025, ಶಾಖ 25-26 ಡಿಗ್ರಿ. ಮೀನಿನ ಬದಲು ಮಾರ್ಕೆಟ್ಟಿನ ಒಂದು ಸಿಗಡಿ ಹಾಕಿ ಕೊಳೆಯಲು ಬಿಡಿ. ಇಲ್ಲವೇ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ ತನ್ನಿ. ಎರಡು ದಿನಕ್ಕೊಮ್ಮೆ ಅಳೆಯಿರಿ. ಅಮೋನಿಯಾ ಏರಿ ಇಳಿಯುತ್ತೆ, ನೈಟ್ರೈಟ್ ಏರಿ ಇಳಿಯುತ್ತೆ, ನೈಟ್ರೇಟ್ ಕಾಣಿಸುತ್ತೆ. ಮತ್ತೆ 2 ಪಿಪಿಎಂ ಹಾಕಿ, 24 ಗಂಟೆಯಲ್ಲಿ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಪಾಸ್. ದೊಡ್ಡದಾಗಿ ನೀರು ಬದಲಿಸಿ, ಒಂದೋ ಎರಡೋ ಮೀನು ಬಿಡಿ. ಎನಿಮೋನ್ ಬೇಕಾದ್ರೆ ಇನ್ನೂ ಆರೇಳು ತಿಂಗಳು ತಡೀರಿ. ಕ್ಲೌನ್ ಮೀನಿಗೆ ಅದು ಇಲ್ಲದಿದ್ದರೂ ನಡೆಯುತ್ತೆ.

ಹೆಪ್ಪು ಹಾಕಿದ ಹಾಲನ್ನು ಗಂಟೆಗೊಮ್ಮೆ ಅಲ್ಲಾಡಿಸಿ ನೋಡಿದರೆ ಮೊಸರಾಗುತ್ತಾ? ದೋಸೆ ಹಿಟ್ಟು ಹುದುಗೋವರೆಗೆ ರಾತ್ರಿಯಿಡೀ ಕಾಯೋ ನಮಗೆ ಇದೇನು ಹೊಸ ವಿದ್ಯೆ ಅಲ್ಲ. ಕ್ಲೌನ್ ಮೀನು ಚೆನ್ನಾಗಿ ಸಾಕಿದರೆ ಇಪ್ಪತ್ತು ವರ್ಷ ದಾಟಿಯೂ ಬದುಕಬಲ್ಲದು. ಅದಕ್ಕೋಸ್ಕರ ಆರು ವಾರ ಖಾಲಿ ಟ್ಯಾಂಕ್ ನೋಡ್ತಾ ಕೂರೋ ತಾಳ್ಮೆ ಇಲ್ಲದವರು ಟಿವಿಯಲ್ಲೇ ಮೀನು ನೋಡಿಕೊಳ್ಳಲಿ.

ಅಂಗಡಿಯವರನ್ನು ಮಾತ್ರ ಬೈದು ಸುಮ್ಮನಾಗೋದೂ ನ್ಯಾಯವಲ್ಲ. ಶನಿವಾರ ಟ್ಯಾಂಕ್ ಕೊಂಡು ಭಾನುವಾರ ನೆಂಟರಿಗೆ ನೀಮೋ ತೋರಿಸಬೇಕು ಅನ್ನೋರು ಇರೋತನಕ ಅವರೂ ಮಾರ್ತಾರೆ. ಮುಂದಿನ ಸಲ "ಎರಡು ಡ್ಯಾಮ್ಸೆಲ್ ಬಿಡಿ" ಅಂದ್ರೆ, "ಬೇಡ, ಅಮೋನಿಯಾ ಟೆಸ್ಟ್ ಕಿಟ್ ಕೊಡಿ" ಅನ್ನಿ. ನಾಲ್ಕು ಗಿರಾಕಿಗಳು ಹಾಗಂದರೆ ಐದನೆಯವನಿಗೆ ಅವರೇ ಕಿಟ್ ತೋರಿಸ್ತಾರೆ.

ಏನಂತೀರಿ? ಒಪ್ಪದಿದ್ರೆ ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ.