ಸೈಕಲ್ ಕೊಳ್ಳುವ ಮೊದಲು ವಾಚ್‌ಮನ್ನರನ್ನು ಕೇಳಿ

ಆಫೀಸಿಗೆ ಸೈಕಲ್ ಮೇಲೆ ಹೋಗಬೇಕು ಎಂದು ತೀರ್ಮಾನಿಸಿದ ಸಾಫ್ಟ್‌ವೇರ್ ಉದ್ಯೋಗಿ ಆ ಶನಿವಾರವೇ ಅಂಗಡಿಗೆ ಹೋಗುತ್ತಾನೆ. ಇಪ್ಪತ್ತೊಂದು ಗೇರು, ಡಿಸ್ಕ್ ಬ್ರೇಕು, ಶಾಕ್ ಅಬ್ಸಾರ್ಬರ್ ಇರುವ ಗಾಡಿ ಮನೆಗೆ ಬರುತ್ತದೆ. ಅದಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಎರಡು ವಾರದೊಳಗೆ ಬೆನ್ನ ಮೇಲಿನ ಲ್ಯಾಪ್‌ಟಾಪ್ ಚೀಲದಡಿ ಅಂಗಿ ತೊಯ್ದು ತೊಪ್ಪೆಯಾಗಿ, ಮಳೆ ಬಂದ ದಿನ ಬೆನ್ನ ತುಂಬ ಕೆಸರಿನ ಗೆರೆ ಬಿದ್ದು, ಉತ್ಸಾಹ ಇಳಿಯುತ್ತದೆ. ಮೂರನೆಯ ವಾರ ಸೈಕಲ್ಲು ಬಾಲ್ಕನಿ ಸೇರಿ ಒದ್ದೆ ಟವೆಲ್ ಒಣಹಾಕುವ ಜಾಗವಾಗುತ್ತದೆ. ಪುಣೆ, ಹೈದರಾಬಾದ್, ಚೆನ್ನೈಗಳ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಬಾಲ್ಕನಿಗಳಿಗೆ ಬರವಿಲ್ಲ.

ಅದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿರುವ ವಾಚ್‌ಮನ್ ಎಷ್ಟೋ ವರ್ಷದಿಂದ ಸೈಕಲ್ ಮೇಲೇ ಕೆಲಸಕ್ಕೆ ಬರುತ್ತಿರುತ್ತಾರೆ. ಕರಿ ಬಣ್ಣದ ದೊಡ್ಡ ಸೈಕಲ್ಲು. ಚೈನ್ ಕವರ್, ಮಡ್‌ಗಾರ್ಡ್, ಗಟ್ಟಿ ಸ್ಟ್ಯಾಂಡು, ಹಳೇ ಟ್ಯೂಬಿನಿಂದ ಕ್ಯಾರಿಯರ್‌ಗೆ ಬಿಗಿದ ಊಟದ ಡಬ್ಬಿ. ಪ್ಯಾಂಟಿಗೆ ಗ್ರೀಸ್ ತಾಗುವುದಿಲ್ಲ, ಬೆನ್ನ ಮೇಲೆ ಭಾರವಿಲ್ಲ, ಅವಸರವೂ ಇಲ್ಲ. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವ ವಿದ್ಯೆಯ ಮುಕ್ಕಾಲು ಪಾಲು ಅಷ್ಟರಲ್ಲೇ ಇದೆ. ಆದರೂ ಹೊಸಬರು ಸಲಹೆ ಹುಡುಕುವುದು ಯೂರೋಪಿನ ವಿಡಿಯೋಗಳಲ್ಲಿ.

ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು 2011ರ ಜನಗಣತಿ ಕೇಳಿತ್ತು. ಬೇಸಾಯ ಮತ್ತು ಗೃಹೋದ್ಯಮ ಬಿಟ್ಟು ಉಳಿದ ದುಡಿಯುವವರಲ್ಲಿ ಸುಮಾರು ಶೇ 23ರಷ್ಟು ಜನ ನಡೆದು, ಸುಮಾರು ಶೇ 13ರಷ್ಟು ಜನ ಸೈಕಲ್‌ನಲ್ಲಿ ಹೋಗುತ್ತಿದ್ದರು. ಕಾರು, ಜೀಪು, ವ್ಯಾನಿನವರು ಶೇ 3ರ ಆಸುಪಾಸು. ಹಾಗಿದ್ದೂ ಸೈಕಲ್ಲಿನ ಮಾತು ಬಂದಾಗಲೆಲ್ಲ ಅದು ಈಗಷ್ಟೇ ಶುರುವಾಗಬೇಕಾದ ಸಂಗತಿ ಎಂಬಂತೆ ನಗರಗಳು ಮಾತಾಡುತ್ತವೆ. ಕೋಲ್ಕತ್ತದ ಪೊಲೀಸರು 2013ರಲ್ಲಿ ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದಾಗ ಸಿಕ್ಕಿಬಿದ್ದವರು ಹಾಲು, ಪೇಪರು ಹಂಚುವವರು, ದಿನಗೂಲಿಯವರು. ಹತ್ತು ವರ್ಷದ ನಂತರ ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ, ಮೇಲೆ ಸೌರ ಫಲಕಗಳ ಚಾವಣಿ ಹೊದಿಸಿದ 23 ಕಿಲೋಮೀಟರ್ ಸೈಕಲ್ ಪಥ ತೆರೆಯಿತು. ಚಂದದ ಪಥವೇ, ಸಂಶಯವಿಲ್ಲ. ಆದರೆ ಅಮೀರ್‌ಪೇಟೆಯ ಹೋಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವನಿಗೆ ಅದು ದಾರಿಯಲ್ಲಿ ಸಿಗುವುದಿಲ್ಲ.

ಪುಣೆಯ ಕಥೆ ಇನ್ನೂ ವಿಚಿತ್ರ. ಒಂದು ಕಾಲಕ್ಕೆ ‘ಸೈಕಲ್‌ಗಳ ನಗರ’ ಎಂದೇ ಹೆಸರಾಗಿದ್ದ ಊರು ಅದು. 2017ರಲ್ಲಿ ಅಲ್ಲಿನ ಮಹಾನಗರಪಾಲಿಕೆ ಸಮಗ್ರ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊಬೈಲ್‌ನಿಂದ ಬೀಗ ತೆಗೆಯುವ ಬಾಡಿಗೆ ಸೈಕಲ್ಲುಗಳೂ ಬಂದವು, ಕೆಲವೇ ವರ್ಷದಲ್ಲಿ ಮಾಯವಾದವು. ಅವು ಬರುವ ಮೊದಲೂ ಹೋದ ಮೇಲೂ ಬೆಳಗಿನ ಹೊತ್ತು ಸೈಟುಗಳ ಕಡೆ ಸೈಕಲ್ ತುಳಿಯುತ್ತಿದ್ದವರು ಕಟ್ಟಡ ಕೆಲಸದವರು. ಅವರಲ್ಲಿ ಕಲಬುರಗಿ, ವಿಜಯಪುರ ಕಡೆಯವರಿಗೇನೂ ಕಡಿಮೆಯಿಲ್ಲ. ಪುಣೆಯ ಕನ್ನಡಿಗರು ಯಾವ ಗಲ್ಲಿಯಿಂದ ಹೊಕ್ಕರೆ ಫ್ಲೈಓವರ್ ತಪ್ಪುತ್ತದೆ ಎಂದು ಕನ್ನಡದಲ್ಲೇ ಕೇಳಿ ತಿಳಿಯಬಹುದು.

‘ತುಳಿಯುವುದು’ ಎಂಬ ಮಾತನ್ನೇ ನೋಡಿ. ತೆಲುಗಿನಲ್ಲೂ ಸೈಕಲನ್ನು ತುಳಿಯುತ್ತಾರೆ, ತಮಿಳಿನಲ್ಲೂ ಹಾಗೆನ್ನುವುದುಂಟು. ಹಿಂದಿ, ಮರಾಠಿಯವರು ಕಾರಿನಂತೆ ಅದನ್ನೂ ‘ನಡೆಸು’ತ್ತಾರೆ. ಹೊಸಬರು ಅಳತೆ ಹಾಕಬೇಕಾದದ್ದು ಕಾಲಿನ ಲೆಕ್ಕದಲ್ಲಿ, ಎಂಜಿನ್ನಿನ ಲೆಕ್ಕದಲ್ಲಿ ಅಲ್ಲ. ಗಂಟೆಗೆ 12 ಕಿಲೋಮೀಟರಿನಂತೆ ಹೋದರೆ ಆರು ಕಿಲೋಮೀಟರಿಗೆ ಅರ್ಧ ಗಂಟೆ ಸಾಕು, ಬೆವರೂ ತಡೆದುಕೊಳ್ಳುವಷ್ಟೇ. ಸ್ಪರ್ಧೆಗಿಳಿದಂತೆ ಹೋಗಿ ಹತ್ತು ನಿಮಿಷ ಉಳಿಸಿದವನು ಆ ಹತ್ತು ನಿಮಿಷವನ್ನು ಶೌಚಾಲಯದಲ್ಲಿ ಅಂಗಿ ಬದಲಿಸಲು ಕಳೆಯುತ್ತಾನೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಲಿ. ಮಂಡಿನೋವಿನ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗಿಯುತ್ತವೆ. ನಿಂತ ಕಾರುಗಳಿಗೆ ಅಂಟಿಕೊಂಡು ಹೋಗಬಾರದು, ಯಾವ ಬಾಗಿಲು ಯಾವಾಗ ತೆರೆಯುತ್ತದೋ. ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಎಡಗಡೆ ನುಗ್ಗುವುದಂತೂ ಬೇಡವೇ ಬೇಡ: ಅದು ಎಡಕ್ಕೆ ತಿರುಗಿದರೆ ಡ್ರೈವರಿಗೆ ಸೈಕಲ್ಲಿನವನು ಕಾಣುವುದೇ ಇಲ್ಲ. ಹಿಂದೊಂದು ಕೆಂಪು ದೀಪ ಇರಲಿ. ವಾರಕ್ಕೆ ಎರಡು ದಿನದಿಂದ ಶುರುಮಾಡಿದರೆ ಸಾಕು. ಮುಂಬೈಯಲ್ಲಿ ಜುಲೈ ಮಳೆಯ ದಿನ ರೈಲಿಗೆ ಹೋಗಲಿ. ದೆಹಲಿಯಲ್ಲಿ ನವೆಂಬರಿನ ಹೊಗೆಗೆ ಶ್ವಾಸಕೋಶ ಒಡ್ಡಿ ಸಾಧಿಸುವುದೇನೂ ಇಲ್ಲ.

ಇದೆಲ್ಲ ದಾರಿಯ ವಿಷಯ. ನಿಜವಾದ ತೊಡಕು ಎದುರಾಗುವುದು ಆಫೀಸಿನ ಗೇಟಿನಲ್ಲಿ. ಎರಡು ನೆಲಮಾಳಿಗೆಯಷ್ಟು ಕಾರು ನಿಲ್ಲಿಸುವ ಕಟ್ಟಡದಲ್ಲೂ ‘ಸೈಕಲ್ ಒಳಗೆ ಬಿಡುವುದಿಲ್ಲ ಸಾರ್’ ಎಂಬ ಮಾತು ಕೇಳಬೇಕಾಗುತ್ತದೆ. ಹಾಗೆ ಹೇಳುವ ವಾಚ್‌ಮನ್ನರ ಸೈಕಲ್ಲೇ ಜನರೇಟರಿನ ಹಿಂದೆ, ಕಸದ ಡಬ್ಬಗಳ ಮಗ್ಗುಲಲ್ಲಿ ಕಾಂಪೌಂಡಿಗೆ ಒರಗಿರುತ್ತದೆ. ಕ್ಯಾಂಟೀನಿನವರದು, ತೋಟದ ಮಾಲಿಯದು, ಹೌಸ್‌ಕೀಪಿಂಗಿನ ಹುಡುಗರದು ಎಲ್ಲ ಅಲ್ಲೇ. ವರ್ಷಗಟ್ಟಲೆ ಮಳೆಯಲ್ಲಿ ನೆನೆದರೂ ಒಂದು ತಗಡಿನ ಸೂರು ಹಾಕಿಸಿಕೊಡಿ ಎಂದು ಅವರು ಮೇಲಿನವರಿಗೆ ಬರೆಯುವಂತಿಲ್ಲ. ಗುತ್ತಿಗೆಯ ನೌಕರಿ, ಬಾಯಿ ಬಿಟ್ಟರೆ ನಾಳೆ ಇನ್ನೊಬ್ಬ ಬರುತ್ತಾನೆ.

ಸೈಕಲ್ ಶುರುಮಾಡುವ ಸಂಬಳದಾರನಿಗೆ ಆ ಭಯವಿಲ್ಲ. ಅಡ್ಮಿನ್ ವಿಭಾಗಕ್ಕೆ ಅವನು ಬರೆದ ಈಮೇಲಿಗೆ ಉತ್ತರ ಬರುತ್ತದೆ. ಹಾಗಾಗಿ ಹೆಲ್ಮೆಟ್ಟಿಗಿಂತ ಮೊದಲು ಆ ಈಮೇಲ್ ಹೋಗಬೇಕು. ಕೇಳುವಾಗ ‘ಉದ್ಯೋಗಿಗಳಿಗೆ ಮಾತ್ರ’ ಎಂಬ ಬೋರ್ಡು ಬೀಳದಂತೆ ಕೇಳಬೇಕು. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡು ಬೇಡ, ಅದರಲ್ಲಿ ಚಕ್ರದ ಕಡ್ಡಿ ಬಾಗುತ್ತದೆ. ಯು ಆಕಾರಕ್ಕೆ ಬಗ್ಗಿಸಿದ ಕಬ್ಬಿಣದ ಪೈಪನ್ನು ತಲೆಕೆಳಗಾಗಿ ಕಾಂಕ್ರೀಟಿನಲ್ಲಿ ಹೂಳಿದರೆ ಫ್ರೇಮಿಗೇ ಬೀಗ ಹಾಕಬಹುದು, ದೊಡ್ಡ ಕರಿ ಸೈಕಲ್ಲಿಗೂ ಗೇರಿನ ಸೈಕಲ್ಲಿಗೂ ಒಂದೇ ಆಗುತ್ತದೆ. ಎಷ್ಟು ಪೈಪು ಬೇಕೆಂದು ಎಣಿಸಲು ಹೊರಟಾಗ ಜನರೇಟರಿನ ಹಿಂದಕ್ಕೂ ಒಮ್ಮೆ ಹೋಗಿ ಬರಬೇಕು.