ಕೊಲ್ಲದೆ ತೆರೆಯುವ ವಿದ್ಯುತ್ತು ಮತ್ತು ಹಾಸನದ ಆಲೂಗಡ್ಡೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿ ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಮುಂಗಾರಿಗೆ ನೆಲ ಸೇರುತ್ತದೆ. ಗಿಡ ತುಂಬಿಕೊಳ್ಳುವ ಹೊತ್ತಿಗೆ ಜಡಿಮಳೆ, ಮೋಡ, ತಂಪು ಒಟ್ಟಿಗೆ ಬಂದವೆಂದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಕಪ್ಪು. ಉತ್ತರದ ಬಯಲಿನಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ, ನಮ್ಮಲ್ಲಿ ಮಳೆಗಾಲದ್ದು. ಸೋತ ಎಷ್ಟೋ ಮಂದಿ ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದರು. ಇಲ್ಲಿನವರು ನೆಚ್ಚಿದ ಕುಫ್ರಿ ಜ್ಯೋತಿ ತಳಿ 1968ರಲ್ಲಿ ಹೊರಬಂದಾಗ ಅದಕ್ಕೆ ಈ ರೋಗವನ್ನು ತಡೆದುಕೊಳ್ಳುವ ಶಕ್ತಿ ಇತ್ತು. ರೋಗಾಣು ಬದಲಾಗುತ್ತ ಹೋಯಿತು, ತಳಿಯ ಶಕ್ತಿ ಕುಂದಿತು.

ಹೊಸ ಶಕ್ತಿಯನ್ನು ಎಲ್ಲಿಂದ ತರುವುದು? ಮೆಕ್ಸಿಕೊದ ಕಾಡು ಆಲೂಗಡ್ಡೆ ಸೊಲೇನಮ್ ಪಿನ್ನಾಟಿಸೆಕ್ಟಮ್‌ನಲ್ಲಿ ಅದಿದೆ. ಆದರೆ ನಮ್ಮ ಆಲೂಗಡ್ಡೆಯೊಂದಿಗೆ ಅದು ಪರಾಗಸ್ಪರ್ಶದಿಂದ ಸುಲಭವಾಗಿ ಕೂಡುವುದಿಲ್ಲ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇವೆರಡನ್ನೂ ಕೂಡಿಸಿದ್ದು ವಿದ್ಯುತ್ತಿನ ಮಿಡಿತದಿಂದ.

ಎಲೆಯ ಜೀವಕೋಶಗಳ ಗಟ್ಟಿ ಗೋಡೆಯನ್ನು ಮೊದಲು ಕಿಣ್ವಗಳಿಂದ ಕರಗಿಸುತ್ತಾರೆ. ಉಳಿಯುವುದು ತೆಳು ಪೊರೆಯ ದುಂಡನೆಯ ಜೀವ. ಪರ್ಯಾಯ ವಿದ್ಯುತ್ತು ಹಾಯಿಸಿದಾಗ ಈ ಕೋಶಗಳು ಮಣಿಸರದಂತೆ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಆಮೇಲೆ ಸೆಕೆಂಡಿನ ಲಕ್ಷದಲ್ಲಿ ಕೆಲವೇ ಭಾಗದಷ್ಟು ಹೊತ್ತು ಒಂದು ಬಲವಾದ ಮಿಡಿತ. ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಅದರ ಆಚೀಚೆ ಸುಮಾರು 1 ವೋಲ್ಟಿನ ಅಂತರ ಬಿದ್ದರೆ ಸಾಕು, ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ತಾಗಿದ ಪೊರೆಗಳು ಬೆಸೆದುಕೊಂಡು ಎರಡು ಕೋಶ ಒಂದಾಗುತ್ತವೆ. ಮಿಡಿತ ಕಡಿಮೆಯಾದರೆ ಏನೂ ಆಗದು, ಹೆಚ್ಚಾದರೆ ಕೋಶ ಒಡೆದು ಸಾಯುತ್ತದೆ. ಇದೇ ತತ್ವದಿಂದ 1982ರಲ್ಲಿ ಜರ್ಮನಿಯ ಎಬರ್‌ಹಾರ್ಡ್ ನಾಯ್ಮನ್ ಮತ್ತು ಸಂಗಡಿಗರು ಇಲಿಯ ಕೋಶಗಳೊಳಕ್ಕೆ ವಂಶವಾಹಿಯನ್ನು ಕಳಿಸಿದ್ದರು. 1985ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ಯಾರೆಟ್, ಹೊಗೆಸೊಪ್ಪು, ಮುಸುಕಿನ ಜೋಳದ ಕೋಶಗಳಲ್ಲೂ ಇದನ್ನು ಸಾಧಿಸಿದರು.

ಇಂಥ ತಂತ್ರ ಗೆದ್ದಿತೆಂದು ಹೇಳಬೇಕಾದದ್ದು ಯಾವಾಗ? ರಂಧ್ರ ತೆರೆದಾಗಲೇ, ಪೊರೆ ಮತ್ತೆ ಕೂಡಿಕೊಂಡಾಗಲೇ, ಬೆಸೆದ ಕೋಶದಿಂದ ಗಿಡ ಎದ್ದಾಗಲೇ? ಲೇಖನ ಪ್ರಕಟವಾದೊಡನೆ ಕೆಲಸ ಮುಗಿಯಿತೆನ್ನುವ ಅಭ್ಯಾಸ ನಮ್ಮ ಸಂಶೋಧನಾ ಲೋಕಕ್ಕಿದೆ. ಅದನ್ನು ನಾನು ಒಪ್ಪಲಾರೆ. ಕೋಶವನ್ನು ಬದುಕಿಸಿಕೊಳ್ಳುವುದೇ ಈ ತಂತ್ರದ ಜೀವಾಳವಾದರೆ, ಆ ಬದುಕು ಗಾಜಿನ ತಟ್ಟೆಗೆ ಮುಗಿಯಬಾರದು.

ವಿದ್ಯುತ್ತು ಹಾಯಿಸಿದ ಗಿಡವೆಂದರೆ ಹೆದರುವವರಿದ್ದಾರೆ. ಗಿಡದಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಕೇಳಬೇಕಾದದ್ದು ಒಳಗೆ ಏನು ಸೇರಿತು ಎಂಬುದನ್ನು. ಬೆಸುಗೆಯಲ್ಲಿ ರೋಗನಿರೋಧಕ ಗುಣವೊಂದೇ ಬರುವುದಿಲ್ಲ, ಕಾಡು ಗಿಡದ ಇಡೀ ಸಂಸಾರವೇ ಬರುತ್ತದೆ: ಸಣ್ಣ ಗಡ್ಡೆ ಬರಬಹುದು, ಕಹಿ ಬರಬಹುದು. ಇವನ್ನೆಲ್ಲ ಕಳೆಯಲು ಒಳ್ಳೆಯ ತಳಿಗಳೊಂದಿಗೆ ಮತ್ತೆ ಮತ್ತೆ ಸಂಕರ ಮಾಡಬೇಕು. ಮಿಡಿತದ ಕೆಲಸ ಕ್ಷಣದ್ದು, ಈ ಕೆಲಸ ವರ್ಷಗಳದ್ದು. ಹಣ ಮೊದಲು ನಿಲ್ಲುವುದೂ ಇಂಥಲ್ಲೇ.

ಶುದ್ಧ ಬಿತ್ತನೆ, ಹೊತ್ತಿಗೆ ಸರಿಯಾಗಿ ಮ್ಯಾಂಕೋಜೆಬ್ ಔಷಧಿಯ ಸಿಂಪಡಣೆ ಇದ್ದರೆ ಸಾಲದೇ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಬಿಡದೆ ಸುರಿಯುವ ಮಳೆಯಲ್ಲಿ ಔಷಧಿ ಎಲೆಯ ಮೇಲೆ ನಿಲ್ಲುವುದಿಲ್ಲ, ಪ್ರತಿ ಸಿಂಪಡಣೆಯ ಖರ್ಚೂ ರೈತನ ತಲೆಯ ಮೇಲೆಯೇ. ಗಿಡದೊಳಗಿನ ಶಕ್ತಿಗೆ ಆ ತೊಂದರೆಯಿಲ್ಲ. ಒಂದೇ ಗುಣವನ್ನು ನೆಚ್ಚಿದರೆ ಜ್ಯೋತಿಗಾದದ್ದೇ ಆದೀತು. ಅದಕ್ಕೇ ಹಲವು ಕಾಡು ಬಂಧುಗಳು ಬೇಕು, ಅದಕ್ಕೇ ಈ ಬೆಸುಗೆ ಬೇಕು.

ಹಾಗೆ ಬಂದ ತಳಿ ಸಾಲುಗಳನ್ನು ಚಳಿಗಾಲದ ಬಯಲಿನಲ್ಲಿ ಪರೀಕ್ಷಿಸಿ ನಮಗೆ ಕಳಿಸಿದರೆ ಸಾಲದು. ಅರಕಲಗೂಡಿನ, ಹೊಳೆನರಸೀಪುರದ ರೈತರ ಹೊಲದಲ್ಲಿ, ಔಷಧಿ ಹೊಡೆಯದ ಮಡಿಗಳಲ್ಲಿ, ಆಷಾಢದ ಮಳೆಗೆ ಅವನ್ನು ಒಡ್ಡಬೇಕು. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಅಂಗಾಂಶ ಕೃಷಿಯ ಕುಡಿಗಳಿಂದ ಆಲೂಗಡ್ಡೆ ಸಸಿ ಬೆಳೆಸುವ ವಿಧಾನವೂ ಈ ಜಿಲ್ಲೆಗೆ ಬಂದಿದೆ. ಮಳೆಯಲ್ಲಿ ಉಳಿದ ಸಾಲುಗಳ ಬಿತ್ತನೆಯನ್ನು ಇಲ್ಲೇ ಬೆಳೆಸಿಕೊಂಡರೆ, ಅಷ್ಟರ ಮಟ್ಟಿಗೆ ಜಲಂಧರದ ಲಾರಿಗೆ ಕಾಯುವುದು ತಪ್ಪುತ್ತದೆ.