ದಾಸವಾಳ ನಿಸರ್ಗವಲ್ಲವಂತೆ

ಛಾಯಾಚಿತ್ರ ಸ್ಪರ್ಧೆಗಳಲ್ಲಿ ‘ನಿಸರ್ಗ’ ಎಂಬ ವಿಭಾಗವಿರುತ್ತದಲ್ಲ, ಅದರ ನಿಯಮವನ್ನು ಒಮ್ಮೆ ಓದಿ ನೋಡಿ. ಫಿಯಾಪ್, ಅಮೆರಿಕದ ಪಿ.ಎಸ್.ಎ., ಇಂಗ್ಲೆಂಡಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ, ಈ ಮೂರೂ ಸಂಸ್ಥೆಗಳು 2014ರಲ್ಲಿ ಕೂಡಿ ಒಪ್ಪಿಕೊಂಡ ವ್ಯಾಖ್ಯೆ ಅದು. ಮನುಷ್ಯರು ಬೆಳೆಸಿದ ಗಿಡ ನಿಸರ್ಗವಲ್ಲ. ಸಾಕುಪ್ರಾಣಿಯೂ ಅಲ್ಲ. ಆದರೆ ಮನುಷ್ಯರ ಕಟ್ಟಡಕ್ಕೆ ಒಗ್ಗಿಕೊಂಡ ಗೂಬೆ, ಕೊಕ್ಕರೆಗಳು ಸಲ್ಲುತ್ತವೆ. ಅಂದರೆ ನಮ್ಮ ಮಾಡಿನ ಮೇಲೆ ಕೂತ ಗೂಬೆ ನಿಸರ್ಗ. ಅದೇ ಮಾಡಿನ ಪಕ್ಕದಲ್ಲಿ ನಾನು ಇಪ್ಪತ್ತು ವರ್ಷ ನೀರು ಹೊಯ್ದ ದಾಸವಾಳ ಅಲ್ಲ! ತುಂಬೆ ತಾನಾಗಿ ಎದ್ದರೆ ಸರಿ, ನಾನು ಬೀಜ ಹಾಕಿದರೆ ಅದರ ಕುಲ ಕೆಟ್ಟಿತು.

ನಿಯಮಕ್ಕೆ ಕಾರಣವೇ ಇಲ್ಲವೆನ್ನುತ್ತಿಲ್ಲ. ಹೂದಾನಿಯಲ್ಲಿ ಜೋಡಿಸಿದ್ದನ್ನು ಕಾಡೆಂದು ತೋರಿಸುವವರನ್ನು ತಡೆಯಬೇಕು, ಒಪ್ಪೋಣ. ಆದರೆ ಫಲವೇನಾಯಿತು? ನಿಸರ್ಗವೆಂದರೆ ಜೀಪು, ಸಫಾರಿ, ಲಕ್ಷಗಟ್ಟಲೆ ಬೆಲೆಯ ಟೆಲಿ ಲೆನ್ಸು, ನಾಲ್ಕು ದಿನ ಮನೆ ಬಿಟ್ಟಿರಬಲ್ಲ ಗಂಡಸು ಎಂದಾಯಿತು. (ಆ ನಾಲ್ಕು ದಿನ ಮನೆಯಲ್ಲಿ ಹಾಲು ಕಾಯಿಸುವವರು ಯಾರೆಂದು ಯಾವ ನಿಯಮವೂ ಹೇಳುವುದಿಲ್ಲ.)

ಇಮೋಜೆನ್ ಕನ್ನಿಂಗ್‌ಹ್ಯಾಮ್ 1910ರಲ್ಲೇ ಸಿಯಾಟಲ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದಿದ್ದ ಹೆಣ್ಣುಮಗಳು. 1917ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದರು; ಅದೇ ವರ್ಷ ಅವಳಿ ಹುಟ್ಟಿ ಮೂರು ಗಂಡುಮಕ್ಕಳ ತಾಯಿಯಾದರು. ಸ್ಟುಡಿಯೊ ಹೋಯಿತು. ಮಕ್ಕಳನ್ನು ಬಿಟ್ಟು ಅಲೆಯುವಂತಿಲ್ಲ. ಅವರು ಆಡುತ್ತಿರುವಾಗಲೇ ಹಿತ್ತಿಲ ಗಿಡಗಳ ಮುಂದೆ ಕ್ಯಾಮೆರಾ ಇಟ್ಟರು. 1925ರ ಸುಮಾರಿಗೆ ತೆಗೆದ ಮ್ಯಾಗ್ನೋಲಿಯಾ ಚಿತ್ರವನ್ನು ನೋಡಬೇಕು ನೀವು. ಚೌಕಟ್ಟು ತುಂಬಿದ ಬಿಳಿ ಎಸಳು, ನಡುವೆ ಕೇಸರಗಳ ಗೊಂಚಲು. ಬಣ್ಣದ ಹಂಗೇ ಇಲ್ಲ. 1932ರಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರೊಡನೆ ‘ಎಫ್/64’ ಗುಂಪನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಆದರೆ ಮ್ಯಾಗ್ನೋಲಿಯಾ ಕ್ಯಾಲಿಫೋರ್ನಿಯಾದ ಕಾಡುಮರವಲ್ಲ, ಯಾರೋ ನೆಟ್ಟದ್ದು. ಇಂದಿನ ನಿಯಮದ ಪ್ರಕಾರ ಆ ಚಿತ್ರವನ್ನು ಬಾಗಿಲಲ್ಲೇ ತಡೆಯುತ್ತಾರೆ.

‘ಬಣ್ಣವಿಲ್ಲದ ಮೇಲೆ ಹೂವೇನು ಚಂದ ಅಕ್ಕಾ?’ ಎಂದು ನನ್ನ ಓರಗಿತ್ತಿ ಕೇಳುತ್ತಾಳೆ. ಅವಳ ಮಾತಿನಲ್ಲೂ ಹುರುಳಿದೆ. ಕೆಂಪು ದಾಸವಾಳವೂ ಹಸಿರೆಲೆಯೂ ಕಪ್ಪುಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದೇ ಬೂದು. ಫಿಲ್ಮಿನ ಮುಂದೆ ಹಸಿರು ಫಿಲ್ಟರ್ ಹಿಡಿದರೆ ಎಲೆ ತಿಳಿಯಾಗಿ ಹೂ ಕಪ್ಪಾಗುತ್ತದೆ, ಕೆಂಪು ಹಿಡಿದರೆ ತಿರುವುಮುರುವು. ಏನೂ ಇಲ್ಲದಿದ್ದರೆ ಬೆಳಕಿಗಾಗಿ ಕಾಯಬೇಕು, ಎಸಳಿನ ನರ ಎದ್ದು ಕಾಣುವ ಓರೆ ಬಿಸಿಲಿಗೆ. ಆ ಹೊತ್ತು ಯಾವುದೆಂದು ದಿನವೂ ಅಂಗಳ ಗುಡಿಸುವವಳಿಗೆ ಗೊತ್ತಿರುವಷ್ಟು ಸಫಾರಿಯವನಿಗೆ ಗೊತ್ತಿರುವುದಿಲ್ಲ.

ನನ್ನದು ಸೋವಿಯತ್ ಕಾಲದ ಹೀಲಿಯೊಸ್ ಲೆನ್ಸು, 58 ಎಂ.ಎಂ. ತಿರುಪಿನದು, ಒಂದು ಅಡಾಪ್ಟರ್ ಬಳೆ ತೊಡಿಸಿದರೆ ಇಂದಿನ ಕ್ಯಾಮೆರಾಕ್ಕೂ ಕೂರುತ್ತದೆ. ಆಟೊಫೋಕಸ್ ಇಲ್ಲ. ಅರ್ಧ ಮೀಟರಿಗಿಂತ ಹತ್ತಿರದ್ದನ್ನು ಅದು ಕಾಣದು. ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದರೆ ಇರುವೆಯ ಮೀಸೆಯೂ ಕಾಣುತ್ತದೆ. ಆಗ ಬಳೆ ತಿರುಗಿಸಿ ಪ್ರಯೋಜನವಿಲ್ಲ, ಉಸಿರು ಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪಿನಕಾಯಿ ಭರಣಿಗಿಂತ ಜೋಪಾನ ಮಾಡಬೇಕು. ನಮಗೆ ಅದೇನು ಹೊಸ ವಿದ್ಯೆಯೇ?

‘ಹಿತ್ತಿಲು’ ಎಂದು ಬೇರೆ ವಿಭಾಗ ತೆರೆಯೋಣ ಎಂದು ತೀರ್ಪುಗಾರರೊಬ್ಬರು ದೊಡ್ಡ ಮನಸ್ಸು ಮಾಡಿ ನನಗೆ ಹೇಳಿದ್ದುಂಟು. ಬೇಡ ಸ್ವಾಮಿ. ಅದು ಊಟಕ್ಕೆ ಕರೆದು ಅಡುಗೆಮನೆಯಲ್ಲಿ ಎಲೆ ಹಾಕಿದಂತೆ. ನನ್ನ ದಾಸವಾಳಕ್ಕೆ ಹುಲಿಯ ಪಕ್ಕದಲ್ಲೇ ಎಲೆ ಹಾಕಿ.